ಸೊರಗುವ ನೆಲದ ಲೆಕ್ಕ: ಟ್ರೆಂಡ್ಸ್.ಅರ್ಥ್ ಸಾಧನದ ವಿಮರ್ಶೆ

ಮರುಭೂಮೀಕರಣವೆಂದರೆ ಮರಳುಗಾಡು ಮುಂದೊತ್ತಿ ಬರುವುದೆಂದು ತಿಳಿದವರು, ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶದೊಳಗೆ ನಡೆಯುವ ಟ್ರೆಂಡ್ಸ್.ಅರ್ಥ್ ಎಂಬ ಉಚಿತ ಸಾಧನವನ್ನು ಒಮ್ಮೆ ಬಳಸಿ ನೋಡಬೇಕು. ಒಣಪ್ರದೇಶದ ನೆಲವು ಉಳುಮೆ, ಮೇವುಗಳ ನಡುವೆಯೇ ತೇಪೆ ತೇಪೆಯಾಗಿ ಸಾರ ಕಳೆದುಕೊಳ್ಳುವ ಬಗೆ ಅದರ ನಕ್ಷೆಯಲ್ಲಿ ಕಣ್ಣಿಗೆ ಕಟ್ಟುತ್ತದೆ.

ಸಸ್ಯಗಳ ಉತ್ಪಾದಕತೆ, ಭೂಹೊದಿಕೆ (ನೆಲದ ಮೇಲಿರುವುದು ಕಾಡೋ ಹುಲ್ಲೋ ಹೊಲವೋ ಎಂಬುದು) ಮತ್ತು ಮೇಲ್ಮಣ್ಣಿನ 30 ಸೆಂಟಿಮೀಟರಿನಲ್ಲಿರುವ ಸಾವಯವ ಇಂಗಾಲ, ಈ ಮೂರರಲ್ಲಿ ಒಂದು ಕುಸಿದರೂ ನೆಲ ಹಾಳಾಗಿದೆ ಎಂದೇ ಅದು ಎಣಿಸುತ್ತದೆ. ಈ ಕಟ್ಟುನಿಟ್ಟು ನನಗೆ ಒಪ್ಪಿಗೆ. ಲೆಕ್ಕದ ಹೆಚ್ಚಿನ ಭಾಗ ದೂರದ ಸರ್ವರ್‌ಗಳಲ್ಲಿ ನಡೆಯುವುದರಿಂದ ಸಾಧಾರಣ ಕಂಪ್ಯೂಟರೇ ಸಾಕು.

ಭೂಬಳಕೆಯ ವಿಷಯಕ್ಕೆ ಬಂದಾಗ ಮಾತ್ರ ಫಲಿತಾಂಶವನ್ನು ತುಂಬ ಎಚ್ಚರದಿಂದ ಓದಬೇಕು. ಇಂಗಾಲದ ಏರಿಳಿತವನ್ನು ಭೂಹೊದಿಕೆಯ ಬದಲಾವಣೆಯಿಂದಲೇ ಅಂದಾಜಿಸುವ ಕಾರಣ, ಹುಲ್ಲುಗಾವಲು ಹೊಲವಾದರೆ ಲೆಕ್ಕಕ್ಕೆ ಸಿಗುತ್ತದೆ. ಆದರೆ ಇಳುವರಿ ಕುಸಿದ ರೈತ ನೆಲವನ್ನು ಬೀಳು ಬಿಡುವ ವರ್ಷಗಳನ್ನು ಕಡಿಮೆ ಮಾಡಿ, ಕಸಕಡ್ಡಿಯನ್ನೂ ಮೇವಿಗೆ ಒಯ್ದು, ಅದೇ ಹೊಲವನ್ನು ಮತ್ತೆ ಮತ್ತೆ ಉತ್ತರೆ, ಹೊಲ ಹೊಲವಾಗಿಯೇ ಉಳಿದದ್ದರಿಂದ ಇಂಗಾಲದ ಖಾತೆಯಲ್ಲಿ ಏನೂ ಆಗಿಲ್ಲವೆಂದು ತೋರುತ್ತದೆ. ಭೂಬಳಕೆ ಮೊದಲು ಬದಲಾಗುವುದೇ ಹೀಗೆ, ಹೆಸರು ಬದಲಾಗದೆ. ಹುಲ್ಲು ಬುಡದವರೆಗೆ ಮೇಯ್ದು ಹೋದ ಕಡೆ ಕುರಿ ಮುಟ್ಟದ ಮುಳ್ಳುಪೊದೆ ಹಬ್ಬಿದರೆ, ಹಸಿರು ಹೆಚ್ಚಿತೆಂಬ ಕಾರಣಕ್ಕೆ ನೆಲ ಸುಧಾರಿಸಿದೆ ಎಂಬ ಉತ್ತರ ಬರಬಹುದು. ಮೇವು ಕಳೆದುಕೊಂಡ ಕುರಿಗಾಹಿ ಅದನ್ನು ಸುಧಾರಣೆ ಎನ್ನಲಾರ.

ಅಳತೆಯನ್ನೂ ಮರೆಯಬಾರದು. ಉತ್ಪಾದಕತೆಗೆ ಬಳಸುವ ಮಾಡಿಸ್ ಎಂಬ ಉಪಗ್ರಹ ಸಂವೇದಕದ ದತ್ತಾಂಶದ ಒಂದು ಚೌಕ 250 ಮೀಟರ್ ಉದ್ದಗಲದ್ದು, ಎಂದರೆ 15 ಎಕರೆಗೂ ಮಿಗಿಲು. ಅಷ್ಟರಲ್ಲಿ ಒಂದು ಕೊರಕಲು, ಎರಡು ಚೌಳು ಹೊಲ, ಒಂದು ತೋಪು ಎಲ್ಲವೂ ಸೇರಿ ಒಂದೇ ಬಣ್ಣವಾಗಿಬಿಡುತ್ತವೆ.

ಇಷ್ಟಿದ್ದರೂ ಇದನ್ನು ಬಳಸಿರೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಯಾವ ಬದಲಾವಣೆಯನ್ನು ಕುಸಿತವೆನ್ನಬೇಕು, ಯಾವುದನ್ನು ಸುಧಾರಣೆಯೆನ್ನಬೇಕು ಎಂಬ ಕೋಷ್ಟಕವನ್ನು ನೆಲ ಬಲ್ಲವರು ತಾವೇ ತಿದ್ದಬಹುದು. ಮಳೆಯ ಏರುಪೇರಿನಿಂದಾದ ಕುಸಿತವನ್ನು ಬಳಕೆಯಿಂದಾದ ಕುಸಿತದಿಂದ ಬೇರ್ಪಡಿಸಲು ನೆರವಾಗುವ ಆಯ್ಕೆಗಳೂ ಇವೆ. ಬರ ಬಂದ ವರ್ಷಗಳು ಅವಧಿಯ ಕೊನೆಗೆ ಬಿದ್ದಿದ್ದರೆ ಆ ಆಯ್ಕೆಗಳನ್ನು ಹಚ್ಚಿಯೂ ಹಚ್ಚದೆಯೂ ಎರಡು ನಕ್ಷೆ ತೆಗೆದು, ಬಣ್ಣ ಬದಲಾದ ಚೌಕಗಳಿಗೆ ಮೊದಲು ಕಾಲ್ನಡಿಗೆಯಲ್ಲಿ ಹೋಗಿ ನೋಡಿ.