ವರ್ಟಿಕಲ್ ಮೌಸ್ ತಗೊಳ್ಳೋ ಮುಂಚೆ ಅಂಗೈ ಅಳತೆ ಹಿಡೀರಿ

ದಾವಣಗೆರೆಯಲ್ಲಿ ನನ್ನದು ಡಿಟಿಪಿ, ಅಂದರೆ ಅಚ್ಚಿಗೆ ಹೋಗುವ ಪುಟವನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ. ಮದುವೆ ಸೀಸನ್ನಿನಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಲಗ್ನಪತ್ರಿಕೆ, ಉಳಿದ ದಿನಗಳಲ್ಲಿ ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು, ಫ್ಲೆಕ್ಸು. ಮನೆಗೆ ಬಂದು ಊಟ ಮುಗಿಸಿದರೆ ಏಜ್ ಆಫ್ ಎಂಪೈರ್ಸ್ 2 ಎಂಬ, ಊರು ಕಟ್ಟಿ ಸೈನ್ಯ ನಡೆಸುವ ಕಂಪ್ಯೂಟರ್ ಆಟ. ಆ ಆಟ 1999ರದ್ದು. ಕಾಲೇಜಿನ ದಿನಗಳಲ್ಲಿ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕಲಿತಿದ್ದೆವು. 2019ರಲ್ಲಿ ಅದರ ಹೊಸ ಆವೃತ್ತಿ ಡೆಫಿನಿಟಿವ್ ಎಡಿಷನ್ ಬಂದ ಮೇಲೆ ಹಳೆಯ ಗೆಳೆಯರು ನಾಲ್ವರು ಮತ್ತೆ ಒಟ್ಟಾದೆವು. ಇಬ್ಬರು ಇಲ್ಲೇ ಇದ್ದೇವೆ, ಒಬ್ಬ ಹುಬ್ಬಳ್ಳಿಯಲ್ಲಿ, ಇನ್ನೊಬ್ಬ ಪುಣೆಯಲ್ಲಿ. ನಮ್ಮ ನಾಲ್ವರಿಗೆ ಮಾತಾಡಲು ಸಿಗುವ ಹೊತ್ತು ಅದೊಂದೇ, ಹಾಗಾಗಿ ಕೈ ನೋಯುತ್ತದೆ ಎಂದು ಆಟ ಬಿಡುವ ಮನಸ್ಸು ನನಗೆ ಬರಲಿಲ್ಲ. ಎಂಟು ತಿಂಗಳಿಂದ ಬಳಸುತ್ತಿರುವ ವರ್ಟಿಕಲ್ ಮೌಸ್ ಬಗ್ಗೆ ಇಷ್ಟು ಉದ್ದ ಬರೆಯುತ್ತಿರುವುದೂ ಅದಕ್ಕೇ.

ನೋವು ಮೊದಲು ಶುರುವಾದದ್ದು ಬಲ ಮಣಿಕಟ್ಟಿನಲ್ಲಿ, ಕಿರುಬೆರಳ ಕಡೆ. ಟೈಪಿಂಗ್‌ನಿಂದ ಬಂದಿದೆ ಎಂದುಕೊಂಡೆ. ಲಗ್ನಪತ್ರಿಕೆಯಲ್ಲಿ ಎಷ್ಟು ಸಲ ‘ಶ್ರೀ’ ಬರುತ್ತದೆ ಲೆಕ್ಕ ಹಾಕಿ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಒಂದು ‘ಶ್ರೀ’ಗೆ ನಾಲ್ಕು ಕೀ ಒತ್ತಬೇಕು, ಅದರಲ್ಲಿ ಎರಡಕ್ಕೆ ಶಿಫ್ಟ್ ಹಿಡಿಯಬೇಕು. ಒತ್ತಕ್ಷರ ಬಂದಾಗಲೆಲ್ಲ ‘ಎಫ್’ ಕೀ, ಅದು ಎಡಗೈ ತೋರುಬೆರಳ ಕೆಲಸ. ಅಲ್ಲಿಗೆ ನಿಂತು ಯೋಚಿಸಿದೆ. ಅಷ್ಟೆಲ್ಲ ಒತ್ತುವ ಎಡಗೈಗೆ ಏನೂ ಆಗಿಲ್ಲ, ನೋವು ಇರುವುದು ಬಲಗೈಗೆ ಮಾತ್ರ. ಹಾಗಾದರೆ ಕಾರಣ ಕೀಬೋರ್ಡ್ ಅಲ್ಲ, ಮೌಸು. ಕೀಬೋರ್ಡಿನ ಬಲಗಡೆ ನಂಬರ್ ಪ್ಯಾಡ್ ಇರುವುದರಿಂದ ಮೌಸು ಇನ್ನೂ ಅರ್ಧ ಗೇಣು ಆಚೆ ಹೋಗುತ್ತದೆ. ಕೈ ಹೊರಗೆ ಚಾಚಿ, ಮಣಿಕಟ್ಟು ಕಿರುಬೆರಳ ಕಡೆ ಮುರಿದ ಹಾಗೆ ಇಟ್ಟುಕೊಂಡು ದಿನವಿಡೀ ಕೋರಲ್ ಡ್ರಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಗಣಪತಿ, ಕಳಸ, ಬಾಳೆಗೊನೆ ಎಳೆದು ಕೂರಿಸುತ್ತೇನೆ. ರಾತ್ರಿ ಅದೇ ಕೈ, ಅದೇ ಭಂಗಿ, ಕ್ಲಿಕ್ಕು ಮಾತ್ರ ಮೂರು ಪಟ್ಟು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಎದುರಾಳಿಯ ಕಲ್ಲೆಸೆಯುವ ಯಂತ್ರ, ಮ್ಯಾಂಗೊನೆಲ್, ಕಲ್ಲು ಬಿಡುವ ಕ್ಷಣಕ್ಕೆ ನಮ್ಮ ಬಿಲ್ಲುಗಾರರನ್ನು ಎರಡು ಗುಂಪು ಮಾಡಿ ಆಚೆ ಈಚೆ ಸರಿಸಬೇಕು, ಕಲ್ಲು ನೆಲಕ್ಕೆ ಬಿದ್ದ ಕೂಡಲೇ ತಿರುಗಿಸಿ ಹೊಡೆಸಬೇಕು. ಆ ನಾಲ್ಕೈದು ಸೆಕೆಂಡಿನಲ್ಲಿ ಮುಂಗೈ ಕಲ್ಲಿನ ಹಾಗೆ ಬಿಗಿಯುತ್ತದೆ, ಆಟದ ಮಧ್ಯೆ ಅದು ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಎದ್ದು ಟವೆಲ್ ಹಿಂಡುವಾಗ ಗೊತ್ತಾಗುತ್ತದೆ.

ಸರಿ, ಮೌಸಿಗೆ ಬರೋಣ. ಆನ್‌ಲೈನ್‌ನಲ್ಲಿ 1,350 ರೂಪಾಯಿ ಕೊಟ್ಟು ತರಿಸಿದ, ವೈರ್ ಇರುವ ವರ್ಟಿಕಲ್ ಮೌಸು. ಇದೇ ಆಕಾರ ಹತ್ತಾರು ಹೆಸರಿನಲ್ಲಿ ಸಿಗುವುದರಿಂದ ಹೆಸರು ಬರೆಯುತ್ತಿಲ್ಲ. ನನ್ನ ಮಾತೆಲ್ಲ ಆಕಾರದ ಬಗ್ಗೆಯೇ. ಮಾಮೂಲಿ ಮೌಸಿನ ಮೇಲೆ ಅಂಗೈ ಬೋರಲು ಬೀಳುತ್ತದೆ. ಹಾಗೆ ಬೋರಲು ಮಾಡಿದಾಗ ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಹೊರಳಿಕೊಂಡು ನಿಲ್ಲುತ್ತವೆ. ವರ್ಟಿಕಲ್ ಮೌಸು ನಿಂತಿರುತ್ತದೆ, ತುಂಬಿದ ಲೋಟ ಹಿಡಿದ ಹಾಗೆ ಪಕ್ಕದಿಂದ ಹಿಡಿಯಬೇಕು. ಮೂಳೆಗಳು ಸಹಜವಾಗಿ ಅಕ್ಕಪಕ್ಕ ಇರುತ್ತವೆ, ಮಣಿಕಟ್ಟೂ ನೆಟ್ಟಗಿರುತ್ತದೆ. ಓಡಾಟ ಮಣಿಕಟ್ಟಿನಿಂದ ಬದಲು ಮೊಣಕೈ, ಭುಜದಿಂದ ಆಗುತ್ತದೆ.

ಮೊದಲ ವಾರ ಬಹಳ ಕಷ್ಟ. ನಿಂತಿರುವ ವಸ್ತುವಾದ್ದರಿಂದ ಕೀಬೋರ್ಡಿನಿಂದ ಕೈ ತರುವಾಗ ತಾಗಿ ಮಗುಚಿ ಬೀಳುತ್ತದೆ. ಕ್ಲಿಕ್ ಮಾಡಿದರೆ ಒತ್ತಡ ಕೆಳಗೆ ಹೋಗದೆ ಪಕ್ಕಕ್ಕೆ ಹೋಗುತ್ತದೆ, ಮೌಸು ಒಂದು ಕೂದಲೆಳೆ ಸರಿಯುತ್ತದೆ. ಕೋರಲ್‌ನಲ್ಲಿ ಗೆರೆಯ ಒಂದು ನೋಡ್ (ಎಳೆದು ಆಕಾರ ಬದಲಿಸುವ ಚುಕ್ಕಿ) ಹಿಡಿಯಲು ಹೋಗಿ ಪಕ್ಕದ್ದನ್ನು ಎಳೆದು, ಇಡೀ ಬಾರ್ಡರ್ ಕೆಡಿಸಿ ಮತ್ತೆ ಮಾಡಿದ್ದೇನೆ. ಚಿಕ್ಕ ಮೌಸ್‌ಪ್ಯಾಡ್ ಸಾಲುವುದಿಲ್ಲ, ದೊಡ್ಡದು ಬೇಕು, ಅದಕ್ಕೆ ಬೇರೆ 250 ರೂಪಾಯಿ. ಎರಡನೇ ವಾರ ಮುಗಿಯುವಷ್ಟರಲ್ಲಿ ಕೈ ಕಲಿತುಬಿಟ್ಟಿತು. ಆರನೇ ವಾರಕ್ಕೆ ಕಿರುಬೆರಳ ಕಡೆಯ ನೋವು ಹೋಗಿತ್ತು. ‘ಕಡಿಮೆಯಾಯಿತು’ ಎಂದು ಬರೆಯುತ್ತಿಲ್ಲ ನೋಡಿ, ನಿಜವಾಗಿಯೂ ಹೋಗಿತ್ತು. ಆ ಒಂದು ಕೆಲಸಕ್ಕೆ ಈ ಆಕಾರಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಅಲ್ಲಿಗೇ ನಿಲ್ಲಿಸಿದ್ದರೆ ಇದು ಹೊಗಳಿಕೆಯ ಬರಹವಾಗುತ್ತಿತ್ತು. ಮೂರನೇ ತಿಂಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ತಿನ್ನುತ್ತಿದ್ದೆ. ನಮ್ಮೂರ ಬೆಣ್ಣೆ ದೋಸೆ ಎಷ್ಟು ಮೆತ್ತಗಿರುತ್ತದೆ ಎಂದು ತಿಂದವರಿಗೆ ಗೊತ್ತು. ಅದರ ತುದಿ ಮುರಿಯಲು ಹೆಬ್ಬೆರಳು, ತೋರುಬೆರಳು ಕೂಡಿಸಿದರೆ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಚುಳ್ಳೆಂದಿತು. ಎಡಗೈಲಿ ತಿಂದು ಎದ್ದೆ. ಸಂಜೆ ಚಹಾ ಲೋಟ ಎತ್ತಲು ಹೋಗಿ ಕೆಳಗಿಟ್ಟಾಗ ಅವ್ವ ನೋಡಿ, “ಲೋಟ ಹಿಡಿಯಾಕೂ ಆಗ್ತಿಲ್ವೇನೋ ತಮ್ಮಾ?” ಅಂದಳು. ಅವಳ ಮುಖ ನೋಡಿ ನನಗೂ ಭಯ ಆಯಿತು. ಕೈಯೇ ನನ್ನ ಅನ್ನ.

ಮೆಡಿಕಲ್ ಶಾಪಿನಲ್ಲಿ ಸಿಗುವ ಮಣಿಕಟ್ಟಿನ ಎಲಾಸ್ಟಿಕ್ ಪಟ್ಟಿ ತಂದು ಹತ್ತು ದಿನ ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ. ಆಮೇಲೆ ಮೂಳೆ ಡಾಕ್ಟರಿಗೆ ತೋರಿಸಿದೆ, ಅವರು ಫಿಸಿಯೋಥೆರಪಿಗೆ ಬರೆದುಕೊಟ್ಟರು. ಫಿಸಿಯೋ ಮೇಡಂ ನನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಲು ಹೇಳಿ, ಮುಷ್ಟಿಯನ್ನು ಮೆಲ್ಲಗೆ ಕಿರುಬೆರಳ ಕಡೆ ಬಗ್ಗಿಸಿದರು. ಕುರ್ಚಿಯಿಂದ ಎದ್ದುಬಿಟ್ಟೆ. “ಡಿ ಕರ್ವೇನ್” ಎಂದು ಚೀಟಿಯಲ್ಲಿ ಬರೆದರು. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯರ ಹೆಸರಂತೆ. ನಾವು ಕೈಯೊಳಗೆ ಹುರಿ ಹುರಿಯಾಗಿ ಕಾಣುವುದಕ್ಕೆಲ್ಲ ನರ ಅಂದುಬಿಡುತ್ತೇವೆ. ಇವು ನರ ಅಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು. ಹೆಬ್ಬೆರಳನ್ನು ಎತ್ತುವ, ಅಗಲಿಸುವ ಎರಡು ಹುರಿಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಒರೆಯೊಳಗೆ ಹಾಯುತ್ತವೆ. ಆ ಒರೆ ದಪ್ಪಗಾಗಿ ಹುರಿ ಜಾರದೆ ತಿಕ್ಕತೊಡಗಿದರೆ ಈ ನೋವು. “ಬಾಣಂತಿಯರು ಮಗು ಎತ್ತಿ ಎತ್ತಿ ಇದನ್ನೇ ತಗೊಂಡು ಬರ್ತಾರೆ. ನೀವು ಏನು ಎತ್ತುತೀರಿ ಹೇಳಿ?” ಎಂದು ಕೇಳಿದರು.

ಮರುದಿನ ಮೌಸನ್ನೇ ತೆಗೆದುಕೊಂಡು ಹೋದೆ. ಅದನ್ನು ಹಿಡಿಸಿ ನೋಡಿದ ಎರಡು ನಿಮಿಷದಲ್ಲಿ ಮೇಡಂ ಎರಡು ತಪ್ಪು ತೋರಿಸಿದರು. ಈ ಬರಹದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದ ಭಾಗ ಇದು.

ಮೊದಲನೆಯದು ಅಳತೆ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಗೆ ನನ್ನ ಕೈ 17.5 ಸೆಂಟಿಮೀಟರ್. ಮೌಸು ದೊಡ್ಡ ಕೈಗೆ ಮಾಡಿದ್ದು. ಅದನ್ನು ತಬ್ಬಿ ಹಿಡಿಯಲು ನನ್ನ ಹೆಬ್ಬೆರಳು ಇಡೀ ದಿನ ಅಗಲಿಸಿಕೊಂಡೇ ಇರುತ್ತಿತ್ತು, ಅಂದರೆ ಆ ಎರಡು ಹುರಿಗಳಿಗೆ ಬಿಡುವೇ ಇಲ್ಲ. ಎರಡನೆಯದು ಹೆಬ್ಬೆರಳ ಬಟನ್ನುಗಳು. ಪಕ್ಕದಲ್ಲಿ ಎರಡು ಇವೆ. ಒಂದಕ್ಕೆ ಆಟದಲ್ಲಿ ಊರಿನ ಮುಖ್ಯ ಕಟ್ಟಡವಾದ ಟೌನ್ ಸೆಂಟರಿಗೆ ಹೋಗುವ, ಇನ್ನೊಂದಕ್ಕೆ ಸುಮ್ಮನೆ ನಿಂತ ಹಳ್ಳಿಗರನ್ನು ಹುಡುಕುವ ಹಾಟ್‌ಕೀ (ಒಂದೇ ಒತ್ತಿಗೆ ಕೆಲಸ ಮಾಡಿಸುವ ಕೀ) ಕೊಟ್ಟುಕೊಂಡಿದ್ದೆ. ಹೆಬ್ಬೆರಳನ್ನು ಎತ್ತು, ಒತ್ತು, ಇಳಿಸು, ಮತ್ತೆ ಎತ್ತು. ಒಂದು ಆಟ ಮುಕ್ಕಾಲು ಗಂಟೆ, ರಾತ್ರಿಗೆ ಮೂರು ಆಟ. ಕಿರುಬೆರಳ ಕಡೆಯ ಹೊರೆಯನ್ನು ಇಳಿಸಿ ಹೆಬ್ಬೆರಳ ತಲೆಗೆ ಹೊರಿಸಿದ್ದೆ. ಮೌಸ್ ಪೆಟ್ಟಿಗೆಯ ಮೇಲೆ ‘ಮಣಿಕಟ್ಟಿಗೆ ಆರಾಮ’ ಎಂಬ ಅರ್ಥದ ಮಾತಿದೆ. ಯಾವ ಕಡೆಯ ಮಣಿಕಟ್ಟು ಎಂದು ಇಲ್ಲ. ಹೆಬ್ಬೆರಳ ಕಡೆ ಈಗಾಗಲೇ ನೋವಿದ್ದವರು ಪರೀಕ್ಷೆ ಮಾಡಿಸದೆ ಇದನ್ನು ಕೊಳ್ಳಬೇಡಿ ಎಂದು ಕೈ ಮುಗಿದು ಹೇಳುತ್ತೇನೆ.

ಇದೇನು ಹೊಸ ಕಾಲದ ರೋಗವೂ ಅಲ್ಲ. ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 1981ರಲ್ಲೇ, ಒಂದು ವಿಡಿಯೋ ಆಟದ ಹೆಸರಿನಲ್ಲಿ, ‘ಸ್ಪೇಸ್ ಇನ್ವೇಡರ್ಸ್ ಮಣಿಕಟ್ಟು’ ಎಂದು ಪತ್ರ ಬಂದಿತ್ತು, 1990ರಲ್ಲಿ ‘ನಿಂಟೆಂಡಿನೈಟಿಸ್’, ಅದೂ ಹೆಬ್ಬೆರಳಿನದೇ ನೋವು. ಲೀಗ್ ಆಫ್ ಲೆಜೆಂಡ್ಸ್ ಆಡುತ್ತಿದ್ದ ಕ್ಲೌಡ್9 ತಂಡದ ಹೈ ಲ್ಯಾಮ್ 2015ರಲ್ಲಿ ಮಣಿಕಟ್ಟಿನ ತೊಂದರೆಯನ್ನು ಹೇಳಿಯೇ ತಂಡದಿಂದ ಹಿಂದೆ ಸರಿದರು. ಆಟ ಆಡಿ ಕೈ ನೋಯಿಸಿಕೊಂಡೆ ಎಂದು ಡಾಕ್ಟರಿಗೆ ಹೇಳಲು ನಮ್ಮಲ್ಲಿ ಎಷ್ಟೋ ಹುಡುಗರು ನಾಚುತ್ತಾರೆ. ನಾನೂ ಮೊದಲ ದಿನ ಬರೀ ಡಿಟಿಪಿ ಕೆಲಸ ಅಂತಲೇ ಹೇಳಿದ್ದೆ. ಪೂರ್ತಿ ಹೇಳಿದ ಮೇಲೆಯೇ ಸರಿಯಾದ ಉತ್ತರ ಸಿಕ್ಕಿದ್ದು.

ಚಿಕಿತ್ಸೆಯ ಖರ್ಚು ಹೀಗೆ: ಫಿಸಿಯೋಥೆರಪಿ ಎಂಟು ಸಲ, ಸಲಕ್ಕೆ 400. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಸ್ಪ್ಲಿಂಟ್ 550. ಮಣಿಕಟ್ಟಿಗೆ ಮಾತ್ರ ಇರುವ ಪಟ್ಟಿ ಈ ನೋವಿಗೆ ಸಾಲದು, ಹೆಬ್ಬೆರಳು ಅಲ್ಲಾಡಬಾರದು. ಮೂರು ವಾರ ರಾತ್ರಿ ಪೂರ್ತಿ, ಹಗಲು ಆದಷ್ಟು ಹಾಕಿಕೊಂಡೆ. ಕಡಿಮೆಯಾಗದಿದ್ದರೆ ಸ್ಟೆರಾಯ್ಡ್ ಇಂಜೆಕ್ಷನ್ ಎಂದು ಡಾಕ್ಟರು ಹೇಳಿದ್ದರು, ಅಲ್ಲಿಗೆ ಹೋಗಲಿಲ್ಲ. ಆ ಮೂರು ವಾರ ಆಟ ಬಂದ್. ಗೆಳೆಯರು ಆಡುವುದನ್ನು ಕೇಳುತ್ತಾ ಕೂತಿರುತ್ತಿದ್ದೆ.

ನೋವು ಇಳಿದ ಮೇಲೆ ವ್ಯಾಯಾಮ. ಮುಂಗೈ ಮೇಜಿನ ಮೇಲಿಟ್ಟು, ಮಣಿಕಟ್ಟು ಅಂಚಿನಿಂದ ಆಚೆ ಬರುವ ಹಾಗೆ, ಹೆಬ್ಬೆರಳು ಮೇಲೆ ಮಾಡಿ ಭಾರ ಹಿಡಿಯಬೇಕು. ಎತ್ತುವುದಕ್ಕೆ ಎಡಗೈ ಆಸರೆ, ಇಳಿಸುವುದು ಮಾತ್ರ ಬಲಗೈ ಒಂದೇ, ಐದು ಎಣಿಸುತ್ತಾ ನಿಧಾನವಾಗಿ. ಪ್ರೆಸ್ಸಿನಲ್ಲಿ ಡಂಬೆಲ್ ಎಲ್ಲಿ ಬರಬೇಕು? ಅರ್ಧ ಕೆಜಿಯ ಅಂಟಿನ ಡಬ್ಬಿ ಇತ್ತು. ಅದನ್ನೇ 15 ಸಲ, ದಿನಕ್ಕೆ ಮೂರು ಹೊತ್ತು. ಇದು ಮೇಡಂ ನನ್ನ ಕೈ ನೋಡಿ ಹೇಳಿದ್ದು. ನಿಮ್ಮ ನೋವು ಬೇರೆ ಹುರಿಯದಾಗಿದ್ದರೆ ವ್ಯಾಯಾಮವೂ ಬೇರೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ಮಣಿಕಟ್ಟಿನೊಳಗೆ ನಿಜವಾದ ನರವೇ ಒತ್ತಿಕೊಂಡಿರುವ ಸೂಚನೆ ಇರಬಹುದು, ತಡ ಮಾಡಬೇಡಿ.

ಜೊತೆಗೆ ಕೂರುವುದೂ ಬದಲಾಯಿತು. ನನ್ನ ಮೇಜು ಎತ್ತರ, ಭುಜ ಮೇಲೆತ್ತಿಯೇ ಮೌಸು ಹಿಡಿಯುತ್ತಿದ್ದೆ. ಕುರ್ಚಿ ಏರಿಸಿದರೆ ಕಾಲು ನೆಲಕ್ಕೆ ಸಿಗುತ್ತಿರಲಿಲ್ಲ, ಕಾಲಡಿಗೆ ಎ4 ಪೇಪರಿನ ಎರಡು ರೀಮ್ ಇಟ್ಟೆ. ನಂಬರ್ ಪ್ಯಾಡ್ ಇಲ್ಲದ ಕೀಬೋರ್ಡ್ ತಂದೆ, ಮೌಸು ಆ ಅರ್ಧ ಗೇಣು ಹತ್ತಿರ ಬಂತು. ಆಟದಲ್ಲಿ ಎರಡೂ ಹಾಟ್‌ಕೀಗಳನ್ನು ಎಡಗೈಗೆ ಕೊಟ್ಟೆ. ಡೆಫಿನಿಟಿವ್ ಎಡಿಷನ್‌ನಲ್ಲಿ ಹೊಲ ತಾನಾಗಿ ಮರುಬಿತ್ತನೆಯಾಗುವ ಆಯ್ಕೆ ಇದೆ, ದಾರಿ ಹುಡುಕುವ ಸವಾರ, ಸ್ಕೌಟ್, ತಾನೇ ಸುತ್ತುವ ಆಯ್ಕೆಯೂ ಇದೆ, ಶಿಫ್ಟ್ ಹಿಡಿದು ಒತ್ತಿದರೆ ಐದೈದು ಸೈನಿಕರು ಒಟ್ಟಿಗೆ ಸಾಲಿಗೆ ಬರುತ್ತಾರೆ. ಇವುಗಳನ್ನು ಸೋಮಾರಿಗಳ ದಾರಿ ಎಂದು ನಾನು ಮುಟ್ಟುತ್ತಿರಲಿಲ್ಲ. ಈಗ ಮೂರನ್ನೂ ಬಳಸುತ್ತೇನೆ. ಒಂದು ಆಟ ಮುಗಿದರೆ ಎದ್ದು ನೀರು ಕುಡಿದು ಬಂದೇ ಮುಂದಿನದು, ರಾತ್ರಿಗೆ ಎರಡೇ ಆಟ.

ಮೌಸಿನ ಗಟ್ಟಿತನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರನೇ ತಿಂಗಳಿಗೆ ಎಡ ಬಟನ್ ಒಂದು ಸಲ ಒತ್ತಿದರೆ ಎರಡು ಸಲ ಹೊಡೆಯತೊಡಗಿತು, ಇಲ್ಲೇ ಒಬ್ಬ ಹುಡುಗ ಸ್ವಿಚ್ ಬದಲಾಯಿಸಿ 150 ತಗೊಂಡ. ಮೇಲಿನ ರಬ್ಬರ್ ಲೇಪ ಬೇಸಿಗೆಯಲ್ಲಿ ಅಂಟಂಟು. ಗುಂಡು ಹಾರಿಸುವ ಆಟಗಳಿಗೆ ಇದು ಬೇಡವೇ ಬೇಡ. ಪಕ್ಕದ ಮನೆಯ ಹುಡುಗ ವ್ಯಾಲರಂಟ್‌ಗೆ ಅರ್ಧ ಗಂಟೆ ಪ್ರಯತ್ನಿಸಿ ವಾಪಸ್ ಕೊಟ್ಟ, ಗುರಿ ಥಟ್ಟನೆ ತಿರುಗಿಸಲು ಆಗುವುದಿಲ್ಲ ಅಂದ. ನಿಧಾನದ ತಂತ್ರದ ಆಟ, ಆಫೀಸು, ಡಿಟಿಪಿ, ಟ್ಯಾಲಿ, ಇವಕ್ಕೆ ಒಳ್ಳೆಯದು.

ಈಗ ನನ್ನ ಹತ್ತಿರ ಇರುವುದು ಅದೇ ಆಕಾರದ ಚಿಕ್ಕ ಅಳತೆಯದು, 1,800 ಆಯಿತು. ಹಿಡಿದಾಗ ಹೆಬ್ಬೆರಳು ತೋರುಬೆರಳಿನ ಹತ್ತಿರವೇ ಇರುತ್ತದೆ, ಬಿಗಿ ಹಿಡಿಯಬೇಕಿಲ್ಲ. ಎರಡು ತಿಂಗಳಾಯಿತು, ಮುಷ್ಟಿ ಬಗ್ಗಿಸಿದರೆ ಸ್ವಲ್ಪ ಎಳೆದ ಹಾಗಾಗುತ್ತದೆ, ನೋವಿಲ್ಲ. ದೊಡ್ಡದನ್ನು ಎಸೆಯಲು ಮನಸ್ಸಾಗಲಿಲ್ಲ. ಹುಬ್ಬಳ್ಳಿಯ ಗೆಳೆಯನಿಗೂ ಮುಂಗೈ ನೋವು ಶುರುವಾಗಿದೆ, ಕಿರುಬೆರಳ ಕಡೆ. ಅವನಿಗೆ ಮೊದಲು ಸ್ಕೇಲು ಇಟ್ಟು ಕೈ ಅಳೆಯಲು ಹೇಳಿದೆ. 20 ಸೆಂಟಿಮೀಟರ್ ಬಂತು. ಹೋದ ವಾರ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದ್ದೇನೆ, ಪಕ್ಕದ ಎರಡೂ ಬಟನ್ನುಗಳ ಮೇಲೆ ಸೆಲ್ಲೋಟೇಪ್ ಸುತ್ತಿ.