ಯಶವಂತಪುರ–ಕಾರವಾರ ವಿಸ್ಟಾಡೋಮ್: ಸೇತುವೆಗಳ ಸದ್ದಿಗೆ ಕಿವಿಗೊಟ್ಟು

ಯಶವಂತಪುರದಿಂದ ಕಾರವಾರಕ್ಕೆ ಹೋಗುವ ಹಗಲು ರೈಲಿನ ವಿಸ್ಟಾಡೋಮ್ ಬೋಗಿಯನ್ನು ಹೆಚ್ಚಿನವರು ಘಟ್ಟದ ಹಸಿರು ನೋಡಲೆಂದು ಹತ್ತುತ್ತಾರೆ; ನಾನು ಹತ್ತಿದ್ದು ಸೇತುವೆಗಳು ಹೇಗೆ ಅದುರುತ್ತವೆ ಎಂಬುದನ್ನು ಗಮನಿಸಲು. 44 ಆಸನಗಳು, ಗಾಜಿನ ಮಾಡು, ಬೇಕಾದತ್ತ ತಿರುಗುವ ಕುರ್ಚಿ: ನೋಟದ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ಇಲ್ಲಿನ ಅನೇಕ ಉಕ್ಕಿನ ಸೇತುವೆಗಳಲ್ಲಿ ಜಲ್ಲಿಯೇ ಇಲ್ಲ. ಹಳಿಯನ್ನು ಹೊರುವ ಅಡ್ಡಪಟ್ಟಿಗಳಾದ ಸ್ಲೀಪರ್‌ಗಳು ನೇರವಾಗಿ ಗರ್ಡರ್ (ಸೇತುವೆಯ ಉದ್ದ ತೊಲೆ) ಮೇಲೆ ಕೂತಿರುತ್ತವೆ, ಅವುಗಳ ಸಂದಿನಲ್ಲಿ ಕೆಳಗಿನ ಹಳ್ಳ ಕಾಣುತ್ತದೆ. ಅಂಥ ಸೇತುವೆಗೆ ಗಾಲಿ ಏರಿದೊಡನೆ, ಮುಚ್ಚಿದ ಗಾಜಿನೊಳಗೂ, ಖಾಲಿ ಡಬ್ಬಿ ಬಡಿದಂಥ ಗುಡುಗು ಕೇಳಿಸಿತು. ಎದುರಿನ ತಟ್ಟೆಯ ಮೇಲಿಟ್ಟಿದ್ದ ಲೋಟದ ನೀರಿನಲ್ಲಿ ಸಣ್ಣ ಬಳೆಗಳೆದ್ದವು. (ಲೋಟ ತೋರಿಸುವುದು ಬೋಗಿಯ ಸ್ಪ್ರಿಂಗುಗಳ ಕುಣಿತವನ್ನೇ ಹೊರತು ಸೇತುವೆಯದನ್ನಲ್ಲ, ಸೇತುವೆಯ ಬಗ್ಗೆ ಕಿವಿಯೇ ಹೆಚ್ಚು ನಿಜ ಹೇಳುತ್ತದೆ.)

ಸಂಜೆ ಹೊನ್ನಾವರದ ಬಳಿ ಕೊಂಕಣ ರೈಲ್ವೆಯ ಶರಾವತಿ ಸೇತುವೆ ಬಂತು. ಎರಡು ಕಿಲೋಮೀಟರಿಗೂ ಮಿಗಿಲಾದ ಈ ಕಾಂಕ್ರೀಟ್ ಸೇತುವೆಯ ಮೇಲೆ ಹಳಿಯ ಕೆಳಗೆ ಜಲ್ಲಿಯ ಹಾಸು ಇದೆ. ಸದ್ದು ಏರುವ ಬದಲು ಮೆತ್ತಗಾಯಿತು. ಕಣ್ಣು ಮುಚ್ಚಿದ್ದರೆ ನೆಲದ ಮೇಲೇ ಇದ್ದೇವೆ ಎನಿಸುವಷ್ಟು.

ವ್ಯತ್ಯಾಸಕ್ಕೆ ಕಾಂಕ್ರೀಟಿನ ತೂಕವೂ ಕಾರಣ, ಆದರೆ ಜಲ್ಲಿಯ ಪಾಲು ಸಣ್ಣದಲ್ಲ. 300 ಮಿಲಿಮೀಟರ್ ದಪ್ಪ, ನಾಲ್ಕು ಮೀಟರ್ ಅಗಲದ ಹಾಸು ಎಂದರೆ ಪ್ರತಿ ಮೀಟರಿಗೆ ಸುಮಾರು ಎರಡು ಟನ್ ಭಾರ. ಈ ಭಾರ ಸೇತುವೆಯ ಸಹಜ ಕಂಪನದ ವೇಗವನ್ನು, ಎಂದರೆ ಅದು ತಾನಾಗಿ ಸೆಕೆಂಡಿಗೆ ಎಷ್ಟು ಬಾರಿ ಅದುರುತ್ತದೆ ಎಂಬುದನ್ನು, ತಗ್ಗಿಸುತ್ತದೆ. ಜೊತೆಗೆ, ಮೊನಚು ಅಂಚಿನ ಕಲ್ಲುಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯನ್ನು ತಿಂದುಹಾಕುತ್ತವೆ. ಕಂಪನ ಹೆಚ್ಚಿದಂತೆ ಈ ಉಜ್ಜಾಟವೂ ಹೆಚ್ಚುವುದರಿಂದ, ಸಣ್ಣ ಅದುರಿನಲ್ಲಿ ಅಳೆದ ಲೆಕ್ಕ ದೊಡ್ಡ ಅದುರಿಗೆ ಹಾಗೆಯೇ ಹೊಂದುವುದಿಲ್ಲ.

ಹಾಗೆಂದು ಜಲ್ಲಿ ಎಲ್ಲಕ್ಕೂ ಮದ್ದಲ್ಲ. 1981ರಲ್ಲಿ ಆರಂಭವಾದ ಪ್ಯಾರಿಸ್–ಲಿಯಾನ್ ಅತಿವೇಗದ ಮಾರ್ಗದ ಕೆಲವು ಗಿಡ್ಡ ಸೇತುವೆಗಳಲ್ಲಿ ರೈಲಿನ ಬಡಿತವೂ ಸೇತುವೆಯ ಸಹಜ ಕಂಪನವೂ ಒಂದಾಗಿ, ಜಲ್ಲಿಕಲ್ಲುಗಳು ಪರಸ್ಪರ ಹಿಡಿತ ತಪ್ಪಿ ಸಡಿಲಗೊಂಡವು. ಪ್ರಯೋಗಾಲಯದಲ್ಲಿ ಅದುರಿನ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ ಸುಮಾರು 0.7 ಪಟ್ಟು ಮುಟ್ಟಿದಾಗ ಹಿಡಿತ ಹೋಗುವುದು ಕಂಡಿತು. ಅದರ ಅರ್ಧದಷ್ಟನ್ನು, ಎಂದರೆ ಸೆಕೆಂಡಿನ ವರ್ಗಕ್ಕೆ 3.5 ಮೀಟರನ್ನು, ಯುರೋಪಿನ ಸೇತುವೆ ವಿನ್ಯಾಸದ ಸಂಹಿತೆ ಜಲ್ಲಿ ಹಾಸಿದ ಸೇತುವೆಗಳಿಗೆ ಮಿತಿಯಾಗಿ ಇಟ್ಟಿದೆ. ಜಲ್ಲಿಯಿಲ್ಲದ ಹಳಿಗೆ ಆ ಮಿತಿ 5 ಮೀಟರ್. ನಮ್ಮ ಘಾಟಿಯಲ್ಲಿ ರೈಲು ತೆವಳುವ ವೇಗಕ್ಕೆ ಈ ಭಯವೇ ಇಲ್ಲ; ಅಲ್ಲಿ ಗರ್ಡರಿನ ಮೇಲೆ ಹೆಚ್ಚಿನ ಭಾರ ಹೇರದಿರುವುದೂ ನನಗೆ ಸರಿಯೆಂದೇ ತೋರುತ್ತದೆ.

ಕಾರವಾರದತ್ತ ಹೋಗುವಾಗ ಕಡಲು ಎಡಕ್ಕೆ ಸಿಗುತ್ತದೆ, ನೋಟ ಬೇಕಾದವರು ಆ ಬದಿಯ ಆಸನ ಹಿಡಿಯಲಿ. ಸೇತುವೆಯ ದನಿ ಬೇಕಾದವರಿಗೆ ಗಾಜಿನ ಬೋಗಿ ಅಡ್ಡಿಯೇ. ಮರಳುವಾಗ ನಾನು ಎರಡನೇ ದರ್ಜೆಯ ಟಿಕೆಟ್ ತೆಗೆದು, ತೆರೆದ ಕಿಟಕಿಯ ಕಂಬಿಗೆ ಮೊಣಕೈ ಊರಿ ಕೂತೆ.