ಡಿಕಾಕ್ಷನ್ ಚರಟ: ಹಸಿಯಾಗಿ ಹಾಕಬೇಕೋ, ಕೊಳೆಸಿ ಹಾಕಬೇಕೋ

ನಮ್ಮ ಮನೆಯ ತಾರಸಿಯಲ್ಲಿ ದಂಟಿನ ಬೀಜ ಬಿದ್ದಲ್ಲೆಲ್ಲ ಮೊಳೆಯುತ್ತದೆ. ಕುಂಡದಲ್ಲಿ, ಇಟ್ಟಿಗೆ ಸಂದಿಯಲ್ಲಿ, ಮಳೆನೀರು ಇಳಿಯುವ ಪೈಪಿನ ಬಾಯಲ್ಲೂ. ಮೊಳೆಯದೇ ಇದ್ದದ್ದು ಒಂದೇ ಕಡೆ: ಅಮ್ಮ ದಿನಾ ಬೆಳಿಗ್ಗೆ ಕಾಫಿ ಫಿಲ್ಟರ್ ತಟ್ಟಿ ಚರಟ ಸುರಿಯುತ್ತಿದ್ದ ದಾಸವಾಳದ ಕುಂಡದಲ್ಲಿ. ದಾಸವಾಳವೇನೋ ಹೂ ಬಿಡುತ್ತಲೇ ಇತ್ತು. "ನೋಡೇ, ಇದು ಕಾಫಿ ಕುಡಿದ ಹೂವು" ಅಂತ ಅಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದಳು. ಅದೇ ಕುಂಡದ ಅಂಚಿನಲ್ಲಿ ನಾನು ಎರಡು ಸಲ ಕೊತ್ತಂಬರಿ ಬಿತ್ತಿದೆ, ಎರಡು ಸಲವೂ ಬೆರಳೆಣಿಕೆಯಷ್ಟು ಸಸಿ ಎದ್ದು ಹಾಗೇ ಬಾಡಿದವು. ಬೆಳೆದ ಗಿಡಕ್ಕೆ ಆಗಿಬಂದದ್ದು ಬೀಜಕ್ಕೆ ಯಾಕೆ ಆಗಿಬರಲಿಲ್ಲ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು. ಮಳೆಗಾಲ ಶುರುವಾದ ಮೇಲೆ ಪರೀಕ್ಷೆಗೇ ಇಳಿದೆ.

ಮೊದಲು ಹೆಸರುಕಾಳು. ಐದು ಸ್ಟೀಲ್ ಬಟ್ಟಲು, ಒಂದೊಂದರಲ್ಲೂ ಮಡಚಿದ ಹಳೇ ಪಂಚೆ ತುಂಡು, ಅದರ ಮೇಲೆ 50 ಕಾಳು. ಒಂದಕ್ಕೆ ಬರೀ ನೀರು. ಎರಡನೆಯದಕ್ಕೆ ಮೊದಲನೇ ಡಿಕಾಕ್ಷನ್, ಅಷ್ಟೇ ನೀರು ಬೆರೆಸಿ. ಮೂರನೆಯದಕ್ಕೆ ಎರಡನೇ ಡಿಕಾಕ್ಷನ್, ಹಾಗೇ. ನಾಲ್ಕನೆಯದಕ್ಕೆ ಹಾಲು ಸಕ್ಕರೆ ಇಲ್ಲದ ಟೀ. ಐದನೆಯದಕ್ಕೆ ಪೇಟೆಯಲ್ಲಿ ಸಿಗುವ ಕೆಫೀನ್ ತೆಗೆದ ಕಾಫಿಪುಡಿಯ ಡಿಕಾಕ್ಷನ್, ಅದಕ್ಕೂ ಸಮ ನೀರು. ನಾವು ದಿನಾ ಕುಡಿಯುವ ಪುಡಿಯಲ್ಲಿ ಚಿಕೋರಿ ಇರುತ್ತದೆ, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಅದಕ್ಕೇ ಪರೀಕ್ಷೆಗೆ ಚಿಕೋರಿ ಸೇರಿಸದ ಅರೇಬಿಕಾ ಪುಡಿ ತಂದೆ. ಅರೇಬಿಕಾ ಬೀಜದ ತೂಕದಲ್ಲಿ ಕೆಫೀನ್ ಸುಮಾರು ಶೇ. 1.2, ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. 20 ಗ್ರಾಂ ಪುಡಿಗೆ 100 ಮಿಲಿ ಡಿಕಾಕ್ಷನ್ ಇಳಿಸಿದರೆ, ಇರುವ ಕೆಫೀನೆಲ್ಲ ಇಳಿದರೂ 240 ಮಿಲಿಗ್ರಾಂ ದಾಟುವುದಿಲ್ಲ.

ನಾಲ್ಕನೇ ದಿನ ಸ್ಕೇಲ್ ಹಿಡಿದು ಕೂತೆ. ಮೊಳಕೆ ಒಡೆದ ಕಾಳಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ, ಮೊದಲನೇ ಡಿಕಾಕ್ಷನ್ನಿನಲ್ಲೂ 50ಕ್ಕೆ 41 ಒಡೆದಿದ್ದವು. ವ್ಯತ್ಯಾಸ ಬೇರಿನಲ್ಲಿತ್ತು. ನೀರಿನ ಬಟ್ಟಲಲ್ಲಿ ಬೇರು ಐದು ಸೆಂಟಿಮೀಟರ್‌ವರೆಗೆ ಚಾಚಿ ಬಟ್ಟೆಯ ನೂಲಿಗೆ ಹೆಣೆದುಕೊಂಡಿತ್ತು, ಎಳೆದರೆ ಬರುತ್ತಿರಲಿಲ್ಲ. ಮೊದಲನೇ ಡಿಕಾಕ್ಷನ್ನಿನಲ್ಲಿ ಅರ್ಧ ಸೆಂಟಿಮೀಟರ್ ಅಷ್ಟೇ. ತುದಿ ಕಂದಿ, ಮೊಂಡಾಗಿ, ಸುಟ್ಟ ಊದುಬತ್ತಿಯ ತುದಿಯ ಹಾಗಿತ್ತು. ಒಂದು ಎಳೆ ಕವಲುಬೇರೂ ಇಲ್ಲ. ಎರಡನೇ ಡಿಕಾಕ್ಷನ್ನಿನಲ್ಲಿ ಎರಡೂವರೆ ಸೆಂಟಿಮೀಟರ್, ಟೀಯಲ್ಲಿ ಮೂರರ ಹತ್ತಿರ. ಕೆಫೀನ್ ತೆಗೆದದ್ದರಲ್ಲಿ ಮೂರೂವರೆ. ನನಗೆ ಕಣ್ಣು ತೆರೆಸಿದ್ದು ಈ ಐದನೇ ಬಟ್ಟಲು. ಕಾಫಿಯ ಬೇರೆ ಅಂಶಗಳೂ ಬೇರನ್ನು ಒಂದಿಷ್ಟು ಹಿಡಿದಿಡುತ್ತವೆ, ಆದರೆ ಅರ್ಧಕ್ಕೂ ಮೂರೂವರೆಗೂ ನಡುವಿನ ಅಂತರದ ಬಹುಪಾಲು ಕೆಫೀನಿನದೇ ಕೆಲಸ.

ಬೇರಿನ ತುದಿಯಲ್ಲಿ ಜೀವಕೋಶಗಳು ಒಂದು ಎರಡಾಗುತ್ತ ಹೋಗಬೇಕು. ಹಾಗೆ ಒಡೆಯುವಾಗ ಮೊದಲು ಒಳಗಿನ ನ್ಯೂಕ್ಲಿಯಸ್ ಎರಡಾಗುತ್ತದೆ, ಆಮೇಲೆ ನಡುವೆ ಗೋಡೆ ಏಳುತ್ತದೆ. ಕೆಫೀನ್ ಆ ಗೋಡೆಯನ್ನೇ ಏಳಗೊಡುವುದಿಲ್ಲ. ಅಣ್ಣತಮ್ಮಂದಿರು ಪಾಲಾದರೂ ನಡುಗೋಡೆ ಏಳದ ಮನೆಯ ಹಾಗೆ, ಒಂದೇ ಕೋಶದೊಳಗೆ ಎರಡು ನ್ಯೂಕ್ಲಿಯಸ್ ಉಳಿದುಬಿಡುತ್ತವೆ, ಬೇರು ಮುಂದೆ ಹೋಗುವುದಿಲ್ಲ. 1819ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ರುಂಗ ಕಾಫಿಬೀಜದಿಂದ ಬೇರ್ಪಡಿಸಿದ ಈ ವಸ್ತು ನಮಗೆ ನಿದ್ದೆ ಬಿಡಿಸುವ ಔಷಧಿ, ಗಿಡಕ್ಕೆ ಮಾತ್ರ ಆಯುಧ. ಎಳೆ ಎಲೆ ತಿನ್ನಲು ಬರುವ ಹುಳುವಿಗೂ ಅದು ವಿಷ. ಉದುರಿದ ಎಲೆ, ಹಣ್ಣಿನಿಂದ ಮಣ್ಣಿಗೂ ಇಳಿಯುತ್ತದೆ.

ಬಸವನಹುಳುವಿನ ಮೇಲೂ ಪ್ರಯೋಗಿಸಿದೆ. ಶೇ. 2ರ ಕೆಫೀನ್ ದ್ರಾವಣ ಸಿಂಬಳದ ಹುಳುಗಳನ್ನೂ ಬಸವನಹುಳುಗಳನ್ನೂ ಕೊಲ್ಲುತ್ತದೆಂದು 2002ರಲ್ಲಿ ಹವಾಯಿಯ ಸಂಶೋಧಕರು ತೋರಿಸಿದ್ದರು. ನಾನು ಇಳಿಸಿದ ಡಿಕಾಕ್ಷನ್, ಪುಡಿಯ ಕೆಫೀನೆಲ್ಲ ಇಳಿದಿದ್ದರೂ, ಅದರ ಸುಮಾರು ಎಂಟನೇ ಒಂದು ಭಾಗ. ಹುಳುಗಳು ಒಂದು ರಾತ್ರಿ ದೂರ ಇದ್ದವು, ಮಾರನೇ ದಿನ ಮಳೆ ತೊಳೆದ ಮೇಲೆ ವಾಪಸ್ ಬಂದವು. ಇದಕ್ಕೆ ನಾನು ಇನ್ನು ಡಿಕಾಕ್ಷನ್ ಖರ್ಚು ಮಾಡುವುದಿಲ್ಲ.

ನಿಜವಾದ ಪೈಪೋಟಿ ಇದ್ದದ್ದು ಕುಂಡಗಳಲ್ಲಿ. ಮೂರು ಕುಂಡ, ಮೂರರಲ್ಲೂ ಮೆಂತ್ಯ. ಒಂದಕ್ಕೆ ಬರೀ ಮಣ್ಣು. ಇನ್ನೊಂದಕ್ಕೆ ಐದು ಬೊಗಸೆ ಮಣ್ಣಿಗೆ ಒಂದು ಬೊಗಸೆ ಹಸಿ ಚರಟ. ಮೂರನೆಯದಕ್ಕೆ ಅದೇ ಅಳತೆಯಲ್ಲಿ ಕೊಳೆತ ಚರಟ. ಇದನ್ನು ಮೂರು ತಿಂಗಳ ಮುಂಚೆಯೇ ಮೂರು ಪಾಲು ಒಣ ಎಲೆ, ಒಂದು ಹಿಡಿ ಸಗಣಿ, ಒಂದು ಸೌಟು ಹುಳಿಮಜ್ಜಿಗೆ ಹಾಕಿ ತೂತು ಬಕೆಟ್ಟಿನಲ್ಲಿ ಇಟ್ಟಿದ್ದೆ. ಹಸಿ ಚರಟದ ಕುಂಡದಲ್ಲಿ ಮೇಲ್ಮೈ ಹಪ್ಪಳದ ಹಾಗೆ ಗಟ್ಟಿಯಾಗಿ ಬಿಳೀ ಬೂಷ್ಟು ಹಿಡಿಯಿತು, ನೀರು ಹಾಕಿದರೆ ಅಂಚಿಗೆ ಹರಿದುಹೋಗುತ್ತಿತ್ತು. ಎದ್ದ ಮೆಂತ್ಯ ಹಳದಿ ತಿರುಗಿತು. ಚರಟದಲ್ಲಿ ಶೇ. 2ರಷ್ಟು ಸಾರಜನಕ ಇದೆ ನಿಜ, ಆದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೂ ಮೊದಲು ತಾವೇ ಎಳೆದುಕೊಳ್ಳುತ್ತವೆ. ಮೆಲ್ಬರ್ನಿನಲ್ಲಿ ಮಾಡಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹಸಿ ಚರಟ ಬೆರೆಸಿದ ಮಣ್ಣಿನಲ್ಲಿ ಬ್ರಾಕೊಲಿ, ಮೂಲಂಗಿ, ಸೂರ್ಯಕಾಂತಿ ಎಲ್ಲವೂ ಕುಗ್ಗಿದ್ದವು.

ಕೊಳೆತ ಚರಟದ ಕುಂಡ ಬರೀ ಮಣ್ಣನ್ನೂ ಮೀರಿಸಿತು. 28ನೇ ದಿನ ಕಿತ್ತು ತೂಗಿದಾಗ ಬರೀ ಮಣ್ಣಿನದು 110 ಗ್ರಾಂ, ಹಸಿ ಚರಟದ್ದು 45, ಕೊಳೆತದ್ದು 160. ಆ ಸೊಪ್ಪಿನ ಹಸಿರೇ ಬೇರೆ. ಕೆಫೀನನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿವೆ, ಸ್ಯೂಡೊಮೊನಾಸ್ ಪುಟಿಡಾದಂಥವು. ಅವಕ್ಕೆ ಸಮಯ ಕೊಟ್ಟರೆ ಸಾಕು, ನಾವು ಮಾಡಬೇಕಾದ್ದು ಬೇರೇನೂ ಇಲ್ಲ.

ಸಕಲೇಶಪುರದ ಕಡೆ ಅಕ್ಕನ ಕಾಫಿತೋಟದಲ್ಲಿ ಇದು ಹಳೇ ಪಾಠ. ಪಲ್ಪಿಂಗ್, ಅಂದರೆ ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ, ಮುಗಿದ ಮೇಲೆ ಸಿಪ್ಪೆ ಗುಡ್ಡೆ ಬೀಳುತ್ತದೆ. ಫೋನಿನಲ್ಲಿ ಭಾವನಿಗೆ ನನ್ನ ಬಟ್ಟಲುಗಳ ಕಥೆ ಹೇಳಿದೆ. "ಹಸಿ ಸಿಪ್ಪೇನ ಬುಡಕ್ಕೆ ಹಾಕಬಾರದಮ್ಮ, ಗುಂಡೀಲಿ ಕೊಳೀಲಿ. ಮುಂದಿನ ವರ್ಷ ಹಾಕಿದ್ರೆ ಅದಕ್ಕಿಂತ ಗೊಬ್ಬರ ಇಲ್ಲ" ಅಂದರು.

ಹಾಗಾದರೆ ದಾಸವಾಳ? ಅದರ ಬೇರು ಆಳದಲ್ಲಿದೆ, ಬಲಿತಿದೆ. ನಮ್ಮ ಚರಟದಿಂದ ಎರಡು ಸಲ ಡಿಕಾಕ್ಷನ್ ಇಳಿಸಿರುತ್ತೇವೆ, ಬಿಸಿನೀರಿಗೆ ಕೆಫೀನಿನ ಬಹುಪಾಲು ಹೋಗಿರುತ್ತದೆ. ಉಳಿದದ್ದು ಮೇಲಿನ ಒಂದಂಗುಲದಲ್ಲೇ ನಿಲ್ಲುತ್ತದೆ, ಬೀಜ ಬಿದ್ದು ಮೊಳೆಯುವುದೂ ಅದೇ ಒಂದಂಗುಲದಲ್ಲಿ. ಬಲಿತ ಗಿಡಕ್ಕೆ ವಾರಕ್ಕೊಮ್ಮೆ ತೆಳ್ಳಗೆ ಉದುರಿಸಿ ಮಣ್ಣು ಕೆದಕಿದರೆ ನನ್ನ ತಕರಾರಿಲ್ಲ. ಬಿತ್ತನೆಯ ಕುಂಡಕ್ಕೆ, ಎಳೆ ಸಸಿಗೆ ಮಾತ್ರ ಹಸಿ ಚರಟ ಬೇಡವೇ ಬೇಡ.

ಅಮ್ಮನಿಗೆ ನೀರಿನ ಬಟ್ಟಲು, ಮೊದಲನೇ ಡಿಕಾಕ್ಷನ್ನಿನ ಬಟ್ಟಲು ಎರಡನ್ನೂ ತೋರಿಸಿದೆ. ಕಂದಿದ ಬೇರುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, "ಅಯ್ಯೋ, ಕೂಸುಗಳು ಕಣೇ" ಅಂದಳು. ಈಗ ಫಿಲ್ಟರ್ ತಟ್ಟುವುದು ತೂತು ಬಕೆಟ್ಟಿಗೆ. ದಾಸವಾಳದ ಕುಂಡದಲ್ಲಿ ಮೇಲಿನ ಮಣ್ಣು ತೆಗೆದು ಹೊಸದು ಹಾಕಿದ್ದೆ, ನಿನ್ನೆ ಅಲ್ಲಿ ಕೆಂಪು ಕಾಂಡದ ಏಳು ದಂಟಿನ ಸಸಿ ಎಣಿಸಿದೆ.